ಏಳುಬಾಯಿಯ ಅರಿಶಿನ ನೀರು

ಕೊರೆದವರು ಹೋದ ನಾನೂರ ಹನ್ನೊಂದನೆಯ ವರ್ಷ
ಎರಡನೆಯ ಬಿಸಿಲುತಿಂಗಳ ನಲವತ್ತೊಂದನೆಯ ದಿನ, ಬೆಳಗ್ಗೆ
ಏಳುಬಾಯಿ ಎಂಬ ಊರಿನಿಂದ

ಹಿಂದಿನವರೇ,

ಈ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ, ಹುಡುಕಬೇಡಿ. ನನ್ನ ಮಾತು ಕೂಡ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಬಹುದು. ಕೆಲವು ಪದಗಳನ್ನು ನೀವು ಹೋದಮೇಲೆ ನಾವೇ ಮಾಡಿಕೊಂಡೆವು. ಕೆಲವು ನಿಮ್ಮವೇ, ಆದರೆ ನಮ್ಮ ಬಾಯಲ್ಲಿ ಸವೆದು ಬೇರೆಯಾಗಿವೆ. ಸಾಲದ್ದಕ್ಕೆ ನಾನು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ನಿಮ್ಮ ಅಕ್ಷರಗಳಲ್ಲಿ ಉಳಿದಿರುವುದು ಹೆಚ್ಚಾಗಿ ಇಂಗ್ಲಿಷು, ಅದೂ ಪ್ಲಾಸ್ಟಿಕ್ ಡಬ್ಬಿಗಳ ಮುಚ್ಚಳದ ಮೇಲೆ. ಅದನ್ನು ಕಲಿಸುವ ಶಾಲೆ ಇಡೀ ಬಯಲಿಗೆ ಒಂದೇ ಇತ್ತು. ಅಲ್ಲಿಗೆ ಕಳಿಸಿದರೆ ಮಗಳಿಗೆ ಒಳ್ಳೆಯ ಗಂಡು ಸಿಗುತ್ತಾನೆ ಎಂದು ನನ್ನ ಅಮ್ಮ ಹಟ ಹಿಡಿದು ಕಳಿಸಿದಳು. ಕನ್ನಡವನ್ನು ಮನೆಯಲ್ಲಿ ಕಲಿತೆ. ತಪ್ಪಿದ್ದರೆ ಕ್ಷಮಿಸಿ, ನಗಬೇಡಿ.

ಅಮ್ಮ ಹೇಳಿದ್ದು ಸುಳ್ಳಾಗಲಿಲ್ಲ, ಒಳ್ಳೆಯ ಗಂಡೇ ಸಿಕ್ಕಿದ! ನನ್ನ ಹೆಸರು ಸೋವಿ. ಮದುವೆಯಾಗಿ ಇಂದಿಗೆ ನಲವತ್ತೊಂದು ದಿನ. ನನ್ನ ಗಂಡನ ಹೆಸರು ಇರುಗ. ನಿಮ್ಮಲ್ಲಿ ಹೆಂಡತಿಯರು ಗಂಡನ ಹೆಸರು ಹೇಳುತ್ತಿರಲಿಲ್ಲವಂತೆ. ನನಗೆ ದಿನಕ್ಕೆ ಇನ್ನೂರು ಸಲ ಹೇಳದಿದ್ದರೆ ಸಮಾಧಾನವಿಲ್ಲ. ಇರುಗ, ಇರುಗ, ಇರುಗ. ನೋಡಿ, ಕಾಗದದಲ್ಲೂ ಬರೆದುಬಿಟ್ಟೆ. ಅವನ ಎಡಗಿವಿ ಬಲಗಿವಿಗಿಂತ ಒಂದು ಎಳ್ಳಿನಷ್ಟು ಕೆಳಗಿದೆ. ನಗು ಬಂದರೆ ಮೊದಲು ಅವನ ಭುಜ ಕುಣಿಯುತ್ತದೆ, ಆಮೇಲೆ ಮುಖಕ್ಕೆ ಸುದ್ದಿ ತಲುಪುತ್ತದೆ. ಆಡುಗಳ ಜೊತೆ ಮಾತಾಡುವಾಗ ಅವಕ್ಕೆ ಬಹುವಚನ ಹಚ್ಚುತ್ತಾನೆ. ಇಂಥವನನ್ನು ಇಡೀ ಬಯಲಿನಲ್ಲಿ ನನಗೇ ಯಾಕೆ ಕೊಟ್ಟರು ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮದುಮಗಳು ನಲವತ್ತೊಂದನೆಯ ದಿನ ನಿಮಗೊಂದು ಕಾಗದ ಬರೆಯಬೇಕೆಂಬುದು ನಮ್ಮ ಪದ್ಧತಿ. ಅದನ್ನು ಬಾಯಿಕಾಗದ ಎನ್ನುತ್ತೇವೆ. ನೆಲದ ನೀರು ಆಳಕ್ಕಿಳಿದಷ್ಟೂ ಹಳೆಯದು. ನೂರು ಮಾರು ಕೆಳಗಿರುವುದು ಅಜ್ಜನ ಅಜ್ಜನ ಕಾಲದ ಮಳೆ, ಇನ್ನೂರು ಮಾರು ಕೆಳಗಿರುವುದು ನಿಮ್ಮ ಕಾಲದ ಮಳೆ. ಕಾಗದವನ್ನು ಮೇಣದಲ್ಲಿ ಸುತ್ತಿ ಅಲ್ಲಿಯವರೆಗೆ ಇಳಿಬಿಟ್ಟರೆ ಅದು ನಿಮ್ಮನ್ನು ಮುಟ್ಟುತ್ತದೆ ಎಂದು ನಾವು ನಂಬುತ್ತೇವೆ. ಇದುವರೆಗೆ ಬಂದ ಕಾಗದಗಳೆಲ್ಲ ಧನ್ಯವಾದದ ಕಾಗದಗಳೇ ಇರಬೇಕು. ನೀರು ಕೊಟ್ಟಿರಿ, ಚೆನ್ನಾಗಿರಿ, ಎಂದು. ನನ್ನ ಅತ್ತೆ ಮೂರೇ ಸಾಲು ಬರೆಸಿ ಹಾಕಿದ್ದರಂತೆ. ನಾನು ಮದುವೆಗೆ ಮುಂಚೆಯೇ ಮನಸ್ಸಿನಲ್ಲಿ ಎಂಟು ಪುಟ ಬರೆದಿಟ್ಟುಕೊಂಡಿದ್ದೆ, ಎಷ್ಟು ಚಂದದ ಎಂಟು ಪುಟ! ಅವನ್ನು ನಿಮಗೆ ಕಳಿಸುವುದಿಲ್ಲ. ನೀವು ಬಿಟ್ಟುಹೋದ ನೀರು ಕುಡಿದು ನನ್ನ ಇರುಗ ಸಾಯುತ್ತಿದ್ದಾನೆ. ಆ ನೀರನ್ನು ಹುಡುಕಿಕೊಟ್ಟವಳು ನಾನು.

ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನಿಮಗೆ ಅರ್ಥವಾಗುವುದಿಲ್ಲ.

ನಿಮ್ಮನ್ನು ನಾವು ಕೊರೆದವರು ಎನ್ನುತ್ತೇವೆ. ನಿಮ್ಮ ಮನೆಗಳು ಬಿದ್ದವು, ರಸ್ತೆಗಳು ಮಣ್ಣಾದವು, ಆದರೆ ನೆಲಕ್ಕೆ ನೀವು ಹೊಡೆದ ತೂತುಗಳು ಮಾತ್ರ ಹಾಗೇ ಇವೆ. ನೀವು ಅವನ್ನು ಕೊಳವೆಬಾವಿ ಎನ್ನುತ್ತಿದ್ದಿರಂತೆ; ನಾವು ಬಾಯಿ ಎನ್ನುತ್ತೇವೆ. ಒಂದು ಕೊಡ ಕೂಡ ಇಳಿಯದಷ್ಟು ಕಿರಿದು, ಕಲ್ಲು ಹಾಕಿದರೆ ಸದ್ದು ಬರುವಷ್ಟರಲ್ಲಿ ಹಾಕಿದವನು ಮರೆತಿರುತ್ತಾನೆ. ನಮ್ಮ ಬಯಲೊಂದರಲ್ಲೇ ಒಂಬತ್ತು ಸಾವಿರ ಬಾಯಿಗಳಿವೆ. ಬತ್ತಿದ ಮೇಲೆ ಒಂದರ ಮೇಲಾದರೂ ಒಂದು ಚಪ್ಪಡಿ ಎಳೆಯಬೇಕೆಂದು ನಿಮಗೆ ಅನ್ನಿಸಲಿಲ್ಲ. ನಮ್ಮ ಕಂದಮ್ಮಗಳು ನಡೆಯಲು ಕಲಿಯುವ ಮೊದಲು ಬಾಯಿಯಿಂದ ದೂರ ತೆವಳುವುದನ್ನು ಕಲಿಯುತ್ತವೆ. ಒಂಬತ್ತು ಸಾವಿರದಲ್ಲಿ ನೀರಿದ್ದದ್ದು ಏಳರಲ್ಲಿ, ಅದಕ್ಕೇ ಊರಿಗೆ ಈ ಹೆಸರು. ನಾನು ಹುಟ್ಟುವ ಹೊತ್ತಿಗೆ ಏಳು ನಾಲ್ಕಾಗಿತ್ತು. ನನ್ನ ಮದುವೆಯ ವರ್ಷ ಎರಡೇ ಉಳಿದಿದ್ದವು. ಮಳೆ ವರ್ಷಕ್ಕೆ ನಾಲ್ಕೈದು ಸಲ ಬರುತ್ತದೆ, ಒಂದು ಗಂಟೆ ಹುಚ್ಚೆದ್ದು ಸುರಿದು ಓಡಿಹೋಗುತ್ತದೆ. ಅದನ್ನು ಹಿಡಿದಿಡಲು ಕೆರೆಗಳಿದ್ದವಂತೆ. ಅವುಗಳ ಮೇಲೆ ನೀವು ಮನೆ ಕಟ್ಟಿದಿರಿ.

ಬಾಯಿಗಳು ಉಸಿರಾಡುತ್ತವೆ. ಮೋಡ ಕಟ್ಟುವ ಮುಂಚೆ ಗಾಳಿಯನ್ನು ಹೊರಗೆ ಬಿಡುತ್ತವೆ, ಆಕಾಶ ತಿಳಿಯಾದರೆ ಒಳಗೆಳೆದುಕೊಳ್ಳುತ್ತವೆ. ಹತ್ತಿಯ ಎಳೆ ಹಿಡಿದು ಅದನ್ನು ನೋಡಿ ಹೇಳುವವರು ಉಸಿರುಗಾರರು. ನಮ್ಮ ಊರಿನ ಉಸಿರುಗಾರ ಚಟ್ಟಜ್ಜ, ಎಂಬತ್ತರ ಮೇಲಿನ ವಯಸ್ಸು, ಹಲ್ಲಿಲ್ಲ, ಮುಲಾಜೂ ಇಲ್ಲ. ನೀರೆಳೆಯುವುದು ಗಂಡಹೆಂಡಿರ ಕೆಲಸ. ನಾಳಬಿಂದಿಗೆ ಎಂದರೆ ತೋಳಿನ ದಪ್ಪದ ಉದ್ದನೆಯ ಕೊಳವೆ, ಬುಡದಲ್ಲಿ ಚರ್ಮದ ಬಾಗಿಲು. ನೀರಿಗೆ ಮುಟ್ಟಿದಾಗ ತೆರೆಯುತ್ತದೆ, ಎಳೆದಾಗ ಮುಚ್ಚುತ್ತದೆ. ಒಬ್ಬರು ಬಾಯಿಯ ಬಳಿ ನಿಂತು ಹಗ್ಗ ಉಜ್ಜದಂತೆ ಕಾಯುತ್ತಾರೆ, ಇನ್ನೊಬ್ಬರು ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಮುನ್ನೂರು ಹೆಜ್ಜೆ ನಡೆಯುತ್ತಾರೆ. ಅಷ್ಟು ದೂರಕ್ಕೆ ಕೂಗಿದರೆ ಕೇಳುವುದಿಲ್ಲ, ಆದ್ದರಿಂದ ಮಾತೆಲ್ಲ ಹಗ್ಗದಲ್ಲಿ. ಒಂದು ಜಗ್ಗಿದರೆ ನಿಲ್ಲು. ಎರಡು ಜಗ್ಗಿದರೆ ಬಾ. ಇರುಗ ಮೂರು ಜಗ್ಗುತ್ತಿದ್ದ. ಮೂರಕ್ಕೆ ಊರಿನಲ್ಲಿ ಯಾವ ಅರ್ಥವೂ ಇಲ್ಲ, ನನಗೆ ಮಾತ್ರ ಇತ್ತು. ಹೊಸ ಮದುವೆಯವರು ಒಂದು ಬಿಂದಿಗೆಗೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆಂದು ಊರೆಲ್ಲ ನಗುತ್ತದೆ. ನಗಲಿ ಎಂದು ನಾವು ಇನ್ನೂ ನಿಧಾನ ಮಾಡುತ್ತಿದ್ದೆವು!

ಈಗ ಮುಖ್ಯ ವಿಷಯ. ನಮ್ಮಲ್ಲಿ ಹೊಸ ಜೋಡಿ ಹೊಸ ಬಾಯಿಯೊಂದನ್ನು ಹುಡುಕಿ ತೆರೆಯಬೇಕು. ಇದು ಬಾಯಿ ಬಿಡಿಸುವ ಶಾಸ್ತ್ರ. ನೀರು ಬಂದರೆ ಅದು ಆ ಜೋಡಿಯ ಹೆಸರಿನ ಬಾಯಿ, ಕುಡಿಯುವುದು ಊರೆಲ್ಲ. ನಲವತ್ತು ವರ್ಷಗಳಿಂದ ಯಾವ ಜೋಡಿಗೂ ನೀರು ಸಿಕ್ಕಿರಲಿಲ್ಲ. ಒಣ ಬಾಯಿಯ ಮುಂದೆ ದೀಪ ಹಚ್ಚಿ ಶಾಸ್ತ್ರ ಮುಗಿಸುತ್ತಿದ್ದರು. ಉಳಿದ ಎರಡು ಬಾಯಿಗಳ ಮುಂದೆ ಎಂಬತ್ತಮೂರು ಜನ ಸರದಿ ನಿಲ್ಲುತ್ತಿದ್ದರು. ನಮ್ಮ ಮದುವೆಗೆ ನೀರು ಸಿಗದಿದ್ದರೆ ಮುಂದಿನ ಬೇಸಗೆ ದಾಟುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ.

ಮದುವೆಗೆ ಒಂಬತ್ತು ದಿನ ಇರುವಾಗ ಹುಚ್ಚುಮಳೆಯೊಂದು ಪಡುವಣ ದಿನ್ನೆಯನ್ನು ಅರ್ಧ ಕೊಚ್ಚಿಕೊಂಡು ಹೋಯಿತು. ಮಣ್ಣಿನೊಳಗಿಂದ ಒಂದು ಕರಿಯ ಕಲ್ಲು ಹೊರಬಂತು, ಕನ್ನಡಿಯಷ್ಟು ನುಣುಪು, ಅದರ ಮೇಲೆ ಅಕ್ಷರ! ನಾನೂ ಇರುಗನೂ ಓಡಿದೆವು. ನಾನು ಸೆರಗಿನಿಂದ ಉಜ್ಜಿ ಉಜ್ಜಿ ಓದಿದೆ. ಮೇಲಿನ ಸಾಲಿನಲ್ಲಿ, ಮಳೆನೀರು ಇಂಗುಬಾವಿಯ ಉದ್ಘಾಟನೆ ಎಂದಿತ್ತು. ಕೆಳಗೆ ಹನ್ನೊಂದು ಹೆಸರುಗಳು. ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ, ಮುಖ್ಯ ಅತಿಥಿಗಳು. ಎಲ್ಲಕ್ಕಿಂತ ಕೆಳಗೆ, ಭೂಮಿಯಿಂದ ಪಡೆದದ್ದನ್ನು ಭೂಮಿಗೆ ಹಿಂದಿರುಗಿಸೋಣ ಎಂದಿತ್ತು. ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ. ಎರಡೂ ಭಾಷೆಯಲ್ಲಿ ಒಂದೇ ಮಾತು. ವರ್ಷದ ಕೊನೆಯ ಎರಡು ಅಂಕಿ ಮಾತ್ರ ಸವೆದಿದ್ದವು.

ಹಿಂದಿನವರೇ, ಆ ಗಳಿಗೆಯಲ್ಲಿ ನನಗೆ ನಿಮ್ಮ ಮೇಲೆ ಉಕ್ಕಿದ ಪ್ರೀತಿಯನ್ನು ಹೇಗೆ ಹೇಳಲಿ? ಒಂಬತ್ತು ಸಾವಿರ ತೂತುಗಳಲ್ಲಿ ಹೀರಿದ ಜನ ಒಂದೇ ಒಂದು ತೂತಿನಲ್ಲಿ ನೆಲಕ್ಕೆ ನೀರು ಕುಡಿಸಿದ್ದರು, ಅದಕ್ಕೆ ಕಲ್ಲು ಹಾಕಿಸಿ ಹೆಸರು ಬರೆಸಿದ್ದರು.

"ಇರುಗಾ, ಇವರು ಕೊಟ್ಟವ್ರೆ ಕಣೋ! ಎಲ್ರೂ ತಗೊಂಡ್ರು, ಇವರು ಮಾತ್ರ ವಾಪಸ್ ಕೊಟ್ಟವ್ರೆ!"

"ಯಾರು ಕೊಟ್ಟವ್ರೆ?"

"ಹನ್ನೊಂದು ಜನ. ಹೆಸರು ಐತೆ ನೋಡು."

"ನಂಗೆ ಬರೀ ಗೀಟು ಕಾಣ್ತೈತೆ. ಇರ್ಲಿ ಬಿಡು, ಇಂಗ್ಲಿಷಮ್ಮ ಹೇಳಿದ್ಮೇಲೆ ಮುಗೀತು."

ಇಂಗ್ಲಿಷಮ್ಮ ಎಂದರೆ ನಾನೇ. ಅವನು ನನ್ನನ್ನು ಎತ್ತಿ ಸುತ್ತು ತಿರುಗಿಸಿದ. ಕೆಸರಿನಲ್ಲಿ ಇಬ್ಬರೂ ಬಿದ್ದೆವು.

ಮದುವೆಯ ಬೆಳಗ್ಗೆ ಊರೆಲ್ಲ ಕಲ್ಲಿನ ಸುತ್ತ ಸೇರಿತು. ಕಲ್ಲಿನ ಕೆಳಗೆ ಸಿಮೆಂಟಿನ ದಪ್ಪ ಮುಚ್ಚಳ. ಇರುಗ ಸುತ್ತಿಗೆ ಎತ್ತುವಷ್ಟರಲ್ಲಿ ಚಟ್ಟಜ್ಜ ಕೋಲು ಅಡ್ಡ ಹಿಡಿದರು.

"ಒಂಬತ್ತು ಸಾವಿರ ಬಾಯಿ ಹಂಗೇ ತೆರೆದು ಬಿಟ್ಟೋದ ಜನ, ಇದೊಂದನ್ನ ಯಾಕೆ ಮುಚ್ಚಿದ್ರು? ಅಷ್ಟು ಹೇಳವ್ವ ನಂಗೆ."

"ಅದಕ್ಕೇ ಅಜ್ಜ! ಬೆಲೆ ಬಾಳೋದನ್ನ ತಾನೇ ಜನ ಮುಚ್ಚಿಡೋದು?"

"ಹೂಂ. ಹೆಣಾನೂ ಮುಚ್ಚಿಡ್ತಾರೆ."

ನನ್ನ ಅತ್ತೆ ದೇಕವ್ವೆ ಸಿಡಿದರು. "ಮದುವೆ ದಿನ ಹೆಣದ ಮಾತು ಆಡ್ತೀಯಲ್ಲೋ ಮುದುಕ, ನಿನ್ನ ಬಾಯಿಗೆ ಬೂದಿ ಹಾಕ! ಸೊಸೆ ಓದಿ ಹೇಳವ್ಳೆ. ನೀನು ಹತ್ತಿ ಹಿಡಿದು ನೋಡೋನು, ಅವಳು ಅಕ್ಷರ ಹಿಡಿದು ನೋಡೋಳು. ಸರಿ ಅತ್ಲಾಗೆ."

ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಅಜ್ಜ ಸರಿದು ನಿಂತರು.

ನಲವತ್ತು ಮಾರಿಗೇ ನೀರು! ಮೊದಲ ನಾಳಬಿಂದಿಗೆ ಮೇಲೆ ಬಂದಾಗ ನೀರು ತಿಳಿಹಳದಿ ಬಣ್ಣಕ್ಕಿತ್ತು. ಅತ್ತೆ ಎರಡೂ ಕೈ ಎತ್ತಿ ಕೂಗಿದರು. "ಅರಿಶಿನ! ನಮ್ ಹುಡುಗೀಗೆ ಕೊರೆದೋರೇ ಅರಿಶಿನ ಕಲಸಿ ಇಟ್ಟವ್ರೆ!"

ಇದನ್ನು ನೀವು ಅರ್ಥ ಮಾಡಿಕೊಳ್ಳಬೇಕು. ಅರಿಶಿನ ನಮ್ಮ ಬಯಲಿನಲ್ಲಿ ಬೆಳೆಯದೆ ನೂರು ವರ್ಷದ ಮೇಲಾಯಿತು. ಮದುವೆಗೆ ಹಳದಿ ಮಣ್ಣು ತೇದು ಹಚ್ಚುತ್ತೇವೆ, ಹಾಡಿನಲ್ಲಿ ಮಾತ್ರ ಅರಿಶಿನ ಎನ್ನುತ್ತೇವೆ. ಅದರ ವಾಸನೆ ಹೇಗಿರುತ್ತದೆಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿಲ್ಲ. ಪದ್ಧತಿಯಂತೆ ಮೊದಲು ಆಡಿಗೆ ಇಟ್ಟೆವು. ಆಡು ಕುಡಿದು ತುಟಿ ನೆಕ್ಕಿತು. ರುಚಿಯಲ್ಲೂ ಏನೂ ಕೆಟ್ಟದ್ದಿರಲಿಲ್ಲ. ಮೊದಲು ನನಗೂ ಇರುಗನಿಗೂ ತಲೆಯಿಂದ ಸುರಿದರು. ಆಮೇಲೆ ಎಲ್ಲರೂ ಮಿಂದರು, ಎಲ್ಲರೂ ಹೊಟ್ಟೆ ತುಂಬ ಕುಡಿದರು. ಒಂದೊಂದು ಬಿಂದಿಗೆಗೂ ನಾನು ಕಲ್ಲಿನ ಮೇಲಿನ ಒಂದೊಂದು ಹೆಸರನ್ನು ಕೂಗಿದೆ, ಊರು ನನ್ನ ಹಿಂದೆ ಕೂಗಿತು. ಹನ್ನೊಂದೂ ಹೆಸರು. ಹಳದಿ ನೀರು ರೆಪ್ಪೆಯಿಂದ ತೊಟ್ಟಿಕ್ಕುತ್ತ ಇರುಗ ನನ್ನನ್ನು ನೋಡುತ್ತಿದ್ದ. ಅಷ್ಟು ಸಂತೋಷವನ್ನು ಒಂದು ಮೈ ತಡೆದುಕೊಳ್ಳಬಲ್ಲದು ಎಂದು ನನಗೆ ಅದಕ್ಕೆ ಮುಂಚೆ ಗೊತ್ತಿರಲಿಲ್ಲ.

ಹನ್ನೊಂದನೆಯ ದಿನ ಇರುಗನ ಬೆರಳ ಗಿಣ್ಣುಗಳ ಮೇಲೆ ಗುಂಡನೆಯ ಗಾಯಗಳಾದವು. ಅಚ್ಚಿನಿಂದ ಕೊರೆದಂತೆ ಅಂಚು, ನಡುವೆ ಗುಳಿ. ಹಗ್ಗ ಉಜ್ಜಿದ್ದಿರಬೇಕು ಎಂದುಕೊಂಡೆವು. "ನೋವೇ ಇಲ್ಲ ಕಣೇ," ಎಂದು ಅವನು ಗುಳಿಯೊಳಗೆ ಜೋಳದ ಕಾಳೊಂದನ್ನು ಕೂರಿಸಿ ತೋರಿಸಿದ, "ನೋಡು, ನಿಂಗೆ ಉಂಗುರ." ನಾನು ನಕ್ಕೆ. ನೋವಿಲ್ಲದ ಗಾಯ ಗಾಯವೇ ಅಲ್ಲ ಎಂದುಕೊಂಡೆ. ಆಮೇಲೆ ಊರಿನಲ್ಲಿ ಮೂಗಿನಿಂದ ರಕ್ತ ಬರಲು ಶುರುವಾಯಿತು, ಒಬ್ಬರಿಗಲ್ಲ, ಮನೆಮನೆಗೆ. ಬಿಸಿಲಿಗೆ ಎಂದೆವು. ಗಬ್ಬದ ಆಡುಗಳು ದಿನ ತುಂಬದೆ ಕಂದು ಹಾಕಿದವು. ಮೇವಿಗೆ ಎಂದೆವು. ಹೊಸ ಬಾಯಿಯ ನೀರಿಗೆ ಎಂದು ಯಾರ ಬಾಯಿಂದಲೂ ಬರಲಿಲ್ಲ, ಮದುಮಗಳು ಎದುರಿಗೆ ನಿಂತಿರುವಾಗ ಹೇಗೆ ಹೇಳುತ್ತಾರೆ? ಸೊಸೆಯ ಭಾಗ್ಯದ ನೀರೆಂದು ಅತ್ತೆ ಬೇರೆ ನೀರನ್ನು ಮುಟ್ಟುತ್ತಲೇ ಇರಲಿಲ್ಲ. ಇಪ್ಪತ್ತಾರನೆಯ ದಿನ ಅವರು ತೀರಿಕೊಂಡರು. ಕೊನೆಗೆ ನನ್ನನ್ನು ಹತ್ತಿರ ಕರೆದು, "ಇರುಗನಿಗೆ ಬಾಯಾರಿಕೆ ಜಾಸ್ತಿ, ಚಿಕ್ಕಂದಿನಿಂದ್ಲೂ. ನೋಡ್ಕೋ," ಎಂದರು.

ಅವರನ್ನು ಮಣ್ಣು ಮಾಡಿ ಬಂದ ಮೇಲೆ ಚಟ್ಟಜ್ಜ ನಮ್ಮ ಬಾಗಿಲಿಗೆ ಬಂದು ಗುದ್ದಲಿ ಚಾಚಿದರು. ನಾನು ತೆಗೆದುಕೊಂಡು ಹಿಂದೆ ನಡೆದೆ. ಇಬ್ಬರೂ ಮೂರು ಹಗಲು ಅಗೆದೆವು.

ದಿನ್ನೆಯ ಒಳಗಿದ್ದದ್ದು ನಿಮ್ಮದೊಂದು ಕಾರ್ಖಾನೆ. ಲೋಹಕ್ಕೆ ಹೊಳಪು ಹಚ್ಚುವ ಜಾಗ ಇರಬೇಕು. ಸಾಲು ಸಾಲು ತೊಟ್ಟಿಗಳು, ಸುತ್ತ ಚೆಲ್ಲಿದ ನಲ್ಲಿಗಳು. ನಾನೂರು ವರ್ಷ ಮಣ್ಣಿನಲ್ಲಿದ್ದೂ ಕೆಲವು ಫಳಫಳ ಹೊಳೆಯುತ್ತಿದ್ದವು. ಗೋಡೆಯ ಹೊರಮೈಯಲ್ಲಿ ಸೂರಿನಿಂದ ಇಳಿದುಬಂದ ಒಂದು ಕೊಳವೆ ಇತ್ತು, ಅದರ ಮೇಲೆ ನೀಲಿ ಬಾಣದ ಗುರುತು, ಮಳೆನೀರು ಎಂಬ ಬರಹ. ನನಗೆ ಜೀವ ಬಂದಂತಾಯಿತು. ನೋಡಿ ಅಜ್ಜ, ಬರೆದದ್ದು ನಿಜ, ಎಂದೆ. ಅಜ್ಜ ಅದರ ಬುಡ ಅಗೆದರು. ಒಂದು ಗೇಣು ಮಣ್ಣಿನೊಳಗೆ ಹೋಗಿ ಕೊಳವೆ ನಿಂತಿತ್ತು. ಅದರ ತುದಿಗೆ ಮುಚ್ಚಳ ಹಾಕಿತ್ತು. ಅದು ಯಾವುದಕ್ಕೂ ಸೇರಿರಲಿಲ್ಲ, ನೋಡಲು ಬಂದವರಿಗಾಗಿ ಇಟ್ಟದ್ದು.

ಬಾಯಿಗೆ ಸೇರಿದ್ದು ಇನ್ನೊಂದು ಕೊಳವೆ. ಅದು ಎರಡಾಳು ಆಳದಲ್ಲಿ, ಹನ್ನೊಂದು ಅತಿಥಿಗಳು ಕುರ್ಚಿ ಹಾಕಿ ಕೂತಿರಬಹುದಾದ ನೆಲದ ಕೆಳಗೇ ಹಾದು, ತೊಟ್ಟಿಗಳ ಬುಡಕ್ಕೆ ಹೋಗುತ್ತಿತ್ತು. ಒಡೆದು ನೋಡಿದೆವು. ಒಳಗೆಲ್ಲ ಹಳದಿ ಹೆಪ್ಪು, ಬೆರಳ ದಪ್ಪ. ಅಜ್ಜ ಉಗುರಿನಿಂದ ಕೆರೆದು ಹಸ್ತದ ಮೇಲಿಟ್ಟು ನೀರು ಹನಿಸಿದರು. ಮದುವೆಯ ದಿನದ ಬಣ್ಣ ಬಂತು.

"ನಾನೇ ಓದಿದ್ದು ಅಜ್ಜ. ನಾನೇ ಓದಿ ಹೇಳಿದ್ದು."

"ನೀನು ಸರಿಯಾಗೇ ಓದಿದ್ದೀಯ ಕಣವ್ವ," ಎಂದರು ಅಜ್ಜ, ಹಸ್ತವನ್ನು ಮಣ್ಣಿಗೆ ಉಜ್ಜುತ್ತ. "ಬರೆದೋರು ಸುಳ್ಳು ಬರೆದವ್ರೆ. ಓದೋದ್ರಲ್ಲಿ ಏನು ತಪ್ಪೈತೆ?"

ಬೈದಿದ್ದರೆ ಚೆನ್ನಾಗಿತ್ತು.

ಅಂದೇ ಬಾಯಿ ಮುಚ್ಚಿದೆವು, ಆದರೆ ತಡವಾಗಿತ್ತು. ನಿಮ್ಮ ಮುಚ್ಚಳದ ಕೆಳಗೆ ಅದು ನಾನೂರು ವರ್ಷ ಕದಲದೆ ಕೂತಿತ್ತು. ನಾವು ದಿನಕ್ಕೆ ನೂರು ಬಿಂದಿಗೆ ಎಳೆದು ಎಳೆದು ಅದಕ್ಕೆ ನಡೆಯಲು ಕಲಿಸಿದೆವು. ಮೂವತ್ತನಾಲ್ಕನೆಯ ದಿನ ಉಳಿದ ಎರಡು ಹಳೆಯ ಬಾಯಿಗಳಲ್ಲೂ ಹಳದಿ ಬಂತು, ಮೊದಲು ಹುಲ್ಲು ನೆನೆಸಿದ ನೀರಿನಷ್ಟು ತೆಳ್ಳಗೆ, ಆಮೇಲೆ ಗಟ್ಟಿಯಾಗಿ. ಕಾಯಿಸಿದೆವು, ಬಟ್ಟೆಯಲ್ಲಿ ಸೋಸಿದೆವು, ಇದ್ದಿಲಿನಲ್ಲಿ ಇಳಿಸಿದೆವು, ಮರಳಿನಲ್ಲಿ ಇಳಿಸಿದೆವು. ಬಣ್ಣ ಹೋಗಲಿಲ್ಲ. ಮುಂದಿನ ನೀರು ಬಡಗಣಕ್ಕೆ ಒಂಬತ್ತು ದಿನದ ದಾರಿ. ನಮ್ಮ ಗಡಿಯವರೆಗೆ ಬಂದಿದ್ದ ಅಲ್ಲಿಯ ಆಡುಗಾಹಿಗಳು ಹೇಳಿಹೋಗಿದ್ದಾರೆ, ಹಳದಿ ಊರಿನವರನ್ನು ಬಾಯಿಯ ಹತ್ತಿರ ಸೇರಿಸುವುದಿಲ್ಲ ಎಂದು. ಅವರನ್ನು ದೂರುವುದಿಲ್ಲ. ನಾನಾದರೂ ಹಾಗೇ ಹೇಳುತ್ತಿದ್ದೆ.

ಆದರೂ ಊರು ಇಂದು ಸೂರ್ಯ ಹುಟ್ಟುತ್ತಲೇ ಹೊರಟಿತು. ಮೊನ್ನೆಯ ಮಳೆಯಿಂದ ತೊಗಲಿನ ಚೀಲಗಳಲ್ಲಿ ಹಿಡಿದಿದ್ದ ನೀರು ತಲೆಗೆ ನಾಲ್ಕು ದಿನಕ್ಕಾಗುತ್ತದೆ. ನಡೆಯಬೇಕಾದದ್ದು ಒಂಬತ್ತು ದಿನ. ಈ ಲೆಕ್ಕ ಎಲ್ಲರಿಗೂ ಗೊತ್ತಿದೆ. ಎಂಬತ್ತಮೂರರಲ್ಲಿ ನಮ್ಮಿಬ್ಬರನ್ನು ಬಿಟ್ಟು ಬದುಕಿ ಉಳಿದಿದ್ದ ಐವತ್ತೆಂಟು ಜನ ಹೋದರು. ಇರುಗ ನಾಲ್ಕು ದಿನದಿಂದ ಎದ್ದು ಕೂತಿಲ್ಲ. ಮೈ ಊದಿದೆ, ಕಣ್ಣಿನ ಬಿಳಿ ಕೂಡ ಹಳದಿಯಾಗಿದೆ. ಚಟ್ಟಜ್ಜ ನನ್ನನ್ನು ಕರೆಯಲು ಬಂದಿದ್ದರು.

"ಬಾ ತಾಯಿ. ದಾರೀಲಿ ಎಷ್ಟೋ ಕಲ್ಲು ಸಿಗ್ತಾವೆ. ಓದೋಳು ನೀನೊಬ್ಳೇ."

"ನಾನು ಓದಿದ್ದು ಸಾಕಾಗಿಲ್ವಾ ಅಜ್ಜ?"

"ಈಗ ನಿಂಗೆ ಗೊತ್ತಾತಲ್ಲ, ಕಲ್ಲು ಓದಿ ಸುಮ್ನಾಗಬಾರ್ದು, ಬುಡ ಅಗೀಬೇಕು ಅಂತ. ಹಂಗೆ ಓದೋರು ಬೇರೆ ಯಾರವ್ರೆ?"

ಒಳಗಿನಿಂದ ಇರುಗ ಕೂಗಿದ, "ಹೋಗೇ, ಅಜ್ಜನ ಜೊತೆ ಹೋಗು. ನಾನು ಮನೆ ಕಾಯ್ತೀನಿ." ಮನೆಯಲ್ಲಿ ಕಾಯುವುದಕ್ಕೆ ಏನಿದೆ ಎಂದು ಕೇಳಿದರೆ, "ನಾನಿಲ್ದಿದ್ರೆ ಅತ್ಲಾಗಿಂದ ಬರೋವಾಗ ಬೀಗ ಒಡೀಬೇಕಲ್ಲ ನೀನು," ಎಂದ. ಭುಜ ಕುಣಿಯಿತು. ಮುಖಕ್ಕೆ ಸುದ್ದಿ ತಲುಪಲಿಲ್ಲ.

ನಾನು ಹೋಗಲಿಲ್ಲ. ನಮ್ಮಿಬ್ಬರ ಪಾಲಿನ ಚೀಲವನ್ನು ಇರುಗನೇ ಹಟ ಮಾಡಿ ಅವರ ಕೈಗೆ ಕೊಡಿಸಿದ, ಕೂಸುಗಳಿವೆ ಎಂದು. ಅಜ್ಜ ಅದನ್ನು ತೆಗೆದುಕೊಳ್ಳುವಾಗ ನನ್ನ ಮುಖ ನೋಡಲಿಲ್ಲ.

ಹೊರಡುವ ಮುಂಚೆ ಕರಿಯ ಕಲ್ಲನ್ನು ಮತ್ತೆ ಬಾಯಿಯ ಮೇಲೆ ಎಳೆದರು. ಹನ್ನೊಂದು ಹೆಸರುಗಳ ಮೇಲೆ ನಾನು ವಿಷ ಎಂದು ಕೆತ್ತಿದ್ದೇನೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಕಲಿಸುವ ಶಾಲೆ ಮುಚ್ಚಿ ಆರು ವರ್ಷವಾಯಿತು. ಈ ಬಯಲಿಗೆ ಮುಂದೆ ಯಾರಾದರೂ ಬಂದರೆ ಅವರಿಗೆ ಅದು ಗೀಟು. ನುಣುಪು ಕಲ್ಲಿನ ಮೇಲೆ ಯಾರೋ ಕಷ್ಟಪಟ್ಟು ಕೆತ್ತಿದ ಗೀಟು ನೋಡಿದರೆ ಅವರಿಗೆ ಏನನ್ನಿಸಬಹುದು ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಕೆತ್ತಿದೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಬಾಯಿಕಾಗದದ ಕೊನೆಗೆ ಒಂದು ಬೇಡಿಕೆ ಇಡುವುದಕ್ಕೆ ಮದುಮಗಳಿಗೆ ಹಕ್ಕಿದೆ. ನನ್ನದು ದೊಡ್ಡದೇನಲ್ಲ. ನಿಮ್ಮ ನಲ್ಲಿಗಳು ಹೊಳೆಯುವುದು ಬೇಡ ಎನ್ನುವುದಿಲ್ಲ, ತೂತು ಕೊರೆಯಬೇಡಿ ಎಂದೂ ಹೇಳುವುದಿಲ್ಲ. ಹೇಳಿದರೆ ನೀವು ಕೇಳುವ ಜನವೂ ಅಲ್ಲ. ಆ ಹನ್ನೊಂದು ಜನರಲ್ಲಿ ಒಬ್ಬರಾದರೂ, ರಿಬ್ಬನ್ ಕತ್ತರಿಸುವ ಮುಂಚೆ ಬಗ್ಗಿ, ನೀಲಿ ಬಾಣದ ಕೊಳವೆಯ ಬುಡದ ಒಂದು ಗೇಣು ಮಣ್ಣು ಸರಿಸಿ ನೋಡಿ. ಬೆರಳಿಗೆ ಮಣ್ಣಾಗುತ್ತದೆ, ಅಷ್ಟೇ. ಅದೂ ಆಗದಿದ್ದರೆ ಕಲ್ಲಿನ ಮೇಲೆ ನಿಜ ಬರೆಸಿ. ಹನ್ನೊಂದು ಹೆಸರಿಗೆ ಜಾಗವಿತ್ತು, ಹನ್ನೆರಡನೆಯ ಸಾಲಿಗೂ ಇರುತ್ತಿತ್ತು.

ನಾಚಿಕೆ ಬಿಟ್ಟು ಒಂದು ಮಾತು ಹೇಳುತ್ತೇನೆ. ಈ ಕಾಗದ ಬರೆಯುತ್ತ ನಡುವೆ ಎರಡು ಸಲ ಎದ್ದುಹೋಗಿ ಹಳೆಯ ಬಾಯಿಯಿಂದ ಒಂದೊಂದು ಬಿಂದಿಗೆ ಎಳೆದು ನೋಡಿ ಬಂದೆ, ಒಬ್ಬಳೇ ನಡೆದು, ಒಬ್ಬಳೇ ಎಳೆದು. ಇನ್ನೂ ಕಳಿಸೇ ಇಲ್ಲವಲ್ಲ ಎಂದು ಇರುಗ ಗೇಲಿ ಮಾಡಿದ. ಆದರೆ ಯೋಚಿಸಿ ನೋಡಿ. ಇದು ನಾನೂರು ವರ್ಷ ಹಿಂದಕ್ಕೆ ಹೋಗುವ ಕಾಗದ. ನೀವು ಓದಿ, ನನ್ನ ಮಾತು ನಡೆಸಿಕೊಟ್ಟಿದ್ದರೆ, ನಾನು ಬರೆದು ಮುಗಿಸುವ ಮೊದಲೇ ನೀರು ತಿಳಿಯಾಗಿರಬೇಕಿತ್ತು. ಬರೆಯಲು ಕೂರುವ ಮೊದಲೇ. ಅತ್ತೆ ಹೊರಗೆ ಜಗಲಿಯಲ್ಲಿ ಕೂತು ಆಡುಗಳನ್ನು ಬೈಯುತ್ತಿರಬೇಕಿತ್ತು.

ಜಗಲಿಯಲ್ಲಿ ಯಾರೂ ಇಲ್ಲ. ಎರಡನೆಯ ಸಲದ ಬಿಂದಿಗೆ ಇಲ್ಲೇ ನನ್ನ ಪಕ್ಕದಲ್ಲಿದೆ, ನೀರು ಹಳದಿಯೇ. ಹಾಗಾದರೆ ನಿಮಗೆ ಕಾಗದ ತಲುಪಲಿಲ್ಲ, ಅಥವಾ ತಲುಪಿತು. ಯಾವುದು ಎಂದು ನಾನು ಯೋಚಿಸುವುದಿಲ್ಲ.

ಇರುಗ ನೀರು ಕೇಳುತ್ತಿದ್ದಾನೆ. ಸ್ವಲ್ಪ ತಾಳು ಎಂದೆ, ಈಗ ಮತ್ತೆ ಕೇಳುತ್ತಿದ್ದಾನೆ. ಮನೆಯಲ್ಲಿರುವುದು ಈ ಒಂದು ಬಿಂದಿಗೆ. ಹೋಗಿ ಕೊಡುತ್ತೇನೆ, ನಾನೂ ಕುಡಿಯುತ್ತೇನೆ.

ಇರುಗನ ಹೆಂಡತಿ
ಸೋವಿ